ಸಾವಕ್ಕ ಒಪ್ಪದ ಅಡಿಬಟ್ಟೆ

ಸಾವಕ್ಕನ ಬಗ್ಗೆ ಬರೆಯಲು ಕೂತರೆ ಮೊದಲು ಬರುವುದು ಸಿಟ್ಟು. ಅದನ್ನು ನುಂಗಿಕೊಂಡು ಬರೆಯುವ ಜಾಣತನ ನನಗಿಲ್ಲ. ನಮ್ಮ ಬನಹಟ್ಟಿಯಲ್ಲಿ ಅವಳಂತೆ ಹಳೇ ಚಿಂದಿ ಜೋಡಿಸಿ ಕೌದಿ ಹೊಲಿಯುವ ಕೈ ಇನ್ನೊಂದಿಲ್ಲ, ಅವಳಂಥ ಕೆಟ್ಟ ಬಾಯಿಯೂ ಇನ್ನೊಂದಿಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಸಾವಕ್ಕನ ಕತೆಯೇ ಆಗುವುದಿಲ್ಲ.

ಅವಳು ಹುಟ್ಟಿದ್ದು ಕೃಷ್ಣೆಯ ದಂಡೆಯ ಮೇಲಿನ ಚಿಕ್ಕಪಡಸಲಗಿಯಲ್ಲಿ. ಹದಿನಾರಕ್ಕೆ ರಾಮಲಿಂಗಪ್ಪನನ್ನು ಮದುವೆಯಾಗಿ ಬನಹಟ್ಟಿಗೆ ಬಂದಳು. ರಾಮಲಿಂಗಪ್ಪ ನಮ್ಮ ಮಾವನವರ ಮಗ್ಗಗಳ ಮೇಲೆ ನೇಯುತ್ತಿದ್ದ. ಮಕ್ಕಳಾಗಲಿಲ್ಲ. ಗಂಡ ಸತ್ತ ವರ್ಷವೇ ಸೂಜಿ ಹಿಡಿದು ಮನೆ ಮನೆಗೆ ಹೊರಟಳು. ಒಬ್ಬರ ಮನೆಯಲ್ಲಿ ಬಾಣಂತಿ, ಇನ್ನೊಬ್ಬರ ಮನೆಯಲ್ಲಿ ಮದುವೆ, ಕೌದಿ ಬೇಕೆಂದರೆ ಸಾವಕ್ಕನನ್ನು ಕರೆಯಬೇಕು. ಊಟ ಹಾಕಬೇಕು, ಚಹಾ ಕೊಡಬೇಕು, ಮೇಲೆ ಬೈಸಿಕೊಳ್ಳಬೇಕು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ರೊಟ್ಟಿಯ ಚೂರು, ಚಿಟಿಕೆ ಸಕ್ಕರೆ ಇಡುವುದು ನಮ್ಮ ಕಡೆಯ ಪದ್ಧತಿ, ಕೌದಿ ಉಪವಾಸ ಇರಬಾರದು ಅಂತ. ಆ ರೊಟ್ಟಿ ತಂಗಳಾಗಿದ್ದರೆ ಅದಕ್ಕೂ ಮನೆಯೊಡತಿಯ ಮಾನ ಹರಾಜು ಹಾಕುತ್ತಿದ್ದಳು.

ಹೆಂಗಸರು ಗಂಟು ಬಿಚ್ಚಿ ಬಣ್ಣಬಣ್ಣದ ಚಿಂದಿ ಹರವಿದರೆ ಅವಳು ಕಣ್ಣೆತ್ತಿ ನೋಡುತ್ತಿರಲಿಲ್ಲ. ಇಳಕಲ್ಲ ಸೀರೆಯ ಅಂಚು, ಖಣದ ಕುಪ್ಪಸದ ತುಂಡು, ಮಕ್ಕಳ ಅಂಗಿ, ಅದೆಲ್ಲ ಆಮೇಲೆ. ಕಾಲು ಮಡಚಿ ಕೂತ ಕೂಡಲೇ ಮೊದಲ ಮಾತು ಒಂದೇ.

"ಅಡೀಗೆ ಏನಿಟ್ಟೀರಿ?"

ಅಡಿಬಟ್ಟೆ ಎಂದರೆ ಕೌದಿಯ ತಳ. ಚಿಂದಿಗಳನ್ನು ಜೋಡಿಸುತ್ತ, ಹೊಲಿಯುತ್ತ ಹೋಗುವುದು ಅದರ ಮೇಲೆಯೇ. ಅದು ಯಾರಿಗೂ ಕಾಣುವುದಿಲ್ಲ, ಹಾಗಾಗಿ ಎಲ್ಲರೂ ಕೈಗೆ ಸಿಕ್ಕಿದ್ದನ್ನು ಇಡುತ್ತಿದ್ದರು. ಸಾವಕ್ಕ ಅದರ ಅಂಚಿನಿಂದ ಒಂದು ಎಳೆ ಕಿತ್ತು ಒಲೆಯ ಉರಿಗೆ ಹಿಡಿಯುತ್ತಿದ್ದಳು. ಎಳೆ ಕರಗಿ ಮಣಿಯಾದರೆ ಬಟ್ಟೆ ಎದುರಿದ್ದವಳ ಮಡಿಲಿಗೆ ಬೀಳುತ್ತಿತ್ತು. ಬೂದಿಯಾದರೆ ಮುಂದಿನ ಪರೀಕ್ಷೆ. ಮೂಲೆ ನೆನೆಸಿ ಹಿಂಡುವುದು, ಅಡ್ಡಡ್ಡ ಜಗ್ಗುವುದು, ಕೆನ್ನೆಗೆ ಒತ್ತಿ ನೋಡುವುದು. ನನ್ನ ಓರಗಿತ್ತಿ ಒಮ್ಮೆ ಬಾಡಗಂಡಿಯ ಸಕ್ಕರೆ ಕಾರ್ಖಾನೆ ಕಡೆಯಿಂದ ತಂದ ಚೀಲ ಬಿಚ್ಚಿ ಇಟ್ಟಿದ್ದಳು, ಪುಕ್ಕಟೆ ಸಿಕ್ಕಿತ್ತು ಅಂತ.

"ಇದರ ಮ್ಯಾಲ ಕೂಸಿನ್ನ ಮಲಗಸ್ತೀಯೋ, ಕಬ್ಬಿನ ಲಾರಿ ನಿಲ್ಲಸ್ತೀಯೋ?" ಅಂದಳು ಸಾವಕ್ಕ. ಓಣಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು, ಓರಗಿತ್ತಿ ಎರಡು ದಿನ ಊಟ ಮಾಡಲಿಲ್ಲ.

ಹಾಗಂತ ದುಬಾರಿ ಬಟ್ಟೆ ಕೇಳುತ್ತಿದ್ದಳೇ? ಇಲ್ಲ. ಅಡಿಬಟ್ಟೆಗೆ ದುಡ್ಡು ಹಾಕುವವರನ್ನು ಕಂಡರೂ ಬೈಯುತ್ತಿದ್ದಳು. ಅವಳಿಗೆ ಬೇಕಾಗಿದ್ದು ಉಟ್ಟು ಉಟ್ಟು ಒಗೆದು ಒಗೆದು ಮೆತ್ತಗಾದ ಧೋತರ, ಹಳೇ ನೂಲಿನ ಸೀರೆ. ಅವು ಈಗ ಎಲ್ಲಿವೆ? ಉಡುವುದೆಲ್ಲ ನೈಲಾನು. ಇದ್ದಬದ್ದ ಹಳೇ ಧೋತರವನ್ನು ಸ್ಟೀಲ್ ಪಾತ್ರೆಯವಳು ಡಬರಿ ಕೊಟ್ಟು ಹೊತ್ತೊಯ್ಯುತ್ತಾಳೆ. ಆ ಪಾತ್ರೆಯವಳ ಗಂಟನ್ನು ನಡುಬೀದಿಯಲ್ಲಿ ಹಿಡಿದು ಜಗ್ಗಿದ ಹೆಣ್ಣು ಈ ಸಾವಕ್ಕ.

ಇಂಥವಳ ಜೊತೆ ನಾನು ಕೆಲಸ ಮಾಡಲು ಹೋದೆ. ತಪ್ಪು ಅಲ್ಲಿಂದಲೇ ಶುರು.

ಎರಡು ವರ್ಷದ ಹಿಂದಿನ ಮಾತು. ನಮ್ಮ ಓಣಿಯಲ್ಲಿ ಅರ್ಧಕ್ಕರ್ಧ ಮಗ್ಗ ನಿಂತಿದ್ದವು. ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಹೆಂಗಸರು ಕೈಕಟ್ಟಿ ಕೂತಿದ್ದರು. ನಾನೂ ಸೇರಿ ಹನ್ನೊಂದು ಮಂದಿಯ ಕೌದಿ ಹೊಲಿಯುವ ಸಂಘ ಮಾಡಿದೆ, ಕೈ ತಿದ್ದಲು ಸಾವಕ್ಕನನ್ನು ಕರೆದೆ. ಜಮಖಂಡಿಯಲ್ಲಿ ಹೆರಿಗೆ ಆಸ್ಪತ್ರೆ ನಡೆಸುವ ಡಾಕ್ಟರ್ ಗೌತಮಿಬಾಯಿಗೆ ನಮ್ಮ ಸುದ್ದಿ ಹೋಯಿತು. ಹೊಸ ವಾರ್ಡು ತೆರೆಯುತ್ತಿದ್ದರು, ಹುಟ್ಟುವ ಪ್ರತಿ ಕೂಸಿಗೂ ಒಂದು ಸಣ್ಣ ಕೌದಿ ಕೊಡಬೇಕೆಂಬ ಆಸೆ ಅವರಿಗೆ. ಮಾದರಿಗೆ ಸಾವಕ್ಕನೇ ಒಂದು ಹೊಲಿದಳು, ತನ್ನ ಗಂಡನ ಹಳೇ ಧೋತರದ ಮೇಲೆ. ಗೌತಮಿಬಾಯಿ ಅದನ್ನು ನಮ್ಮೆದುರೇ ಒಗೆದು ಒಣಗಿಸುವ ವಾಷಿಂಗ್ ಮಷೀನಿಗೆ ಹಾಕಿದರು. ಹೊರಗೆ ತೆಗೆದಾಗ ಹಾಕಿದ ಹಾಗೆಯೇ ಇತ್ತು.

"ಮೊದಲು ನಲವತ್ತು ಕೊಡ್ರಿ," ಅಂದರು. "ಬಂದ ದಿನ ಒಂದನ್ನ ಹೀಂಗ ಒಗದು ನೋಡ್ತೀನಿ. ಪಾಸಾತಂದ್ರ ವರ್ಷಾ ನಿಮಗ ಕೆಲಸ. ಇಲ್ಲಾಂದ್ರ ಇಲ್ಲ, ಬ್ಯಾಸರಾ ಮಾಡ್ಕೋಬಾರ್ದು. ಮತ್ತ ಎಲ್ಲಾ ಈ ಸಾವಕ್ಕನ ಕೈದಾಂಗಽ ಇರಬೇಕು."

ಹನ್ನೊಂದು ಮನೆಗಳ ವರ್ಷದ ಅನ್ನ ಒಂದು ಒಗೆತದ ಮೇಲೆ ನಿಂತಿತು. ನನಗೆ ಅದು ಗೊತ್ತಿತ್ತು, ಸಾವಕ್ಕನಿಗೂ ಗೊತ್ತಿತ್ತು.

ನಲವತ್ತಕ್ಕೆ ಅಡಿಬಟ್ಟೆ ಎಲ್ಲಿಂದ ತರುವುದು? ಮೂರು ದಿನ ಊರು ಸುತ್ತಿದರೂ ಆರು ಧೋತರ ಸಿಗಲಿಲ್ಲ. ಆಗ ನನಗೆ ನಮ್ಮ ಮನೆಯ ಅಟ್ಟ ನೆನಪಾಯಿತು. ನನ್ನ ಗಂಡ ರಾಜಕುಮಾರ ಪವರ್‌ಲೂಮಿನಲ್ಲಿ ನೇಯ್ದ ಬಟ್ಟೆಯಲ್ಲಿ ಎಳೆ ತಪ್ಪಿದ್ದು, ವ್ಯಾಪಾರಿ ಒಲ್ಲೆ ಅಂದದ್ದು, ತುಂಡು ತುಂಡಾಗಿ ಅಲ್ಲಿ ಬಿದ್ದಿತ್ತು. ಅಪ್ಪಟ ಹತ್ತಿ. ಖರ್ಚಿಲ್ಲ. ನನ್ನ ಬುದ್ಧಿಗೆ ನಾನೇ ಶಭಾಶ್ ಅಂದುಕೊಂಡು ಹೊತ್ತು ತಂದೆ.

ಸಾವಕ್ಕ ಮುಟ್ಟಿದಳು. ಮೂಲೆಯನ್ನು ನಾಲಿಗೆಗೆ ತಾಗಿಸಿದಳು. ಎತ್ತಿ ಪಕ್ಕಕ್ಕೆ ಎಸೆದಳು.

"ಗಂಜಿ. ಇದು ಆಗೂದಿಲ್ಲ."

"ಯಾಕ ಆಗೂದಿಲ್ಲ? ಎಳಿ ಸುಟ್ಟು ನೋಡು. ಹತ್ತಿ ಐತಿ."

"ಆಗೂದಿಲ್ಲ ಅಂದ್ರ ಆಗೂದಿಲ್ಲ."

ನನ್ನ ಪಿತ್ತ ನೆತ್ತಿಗೇರಿತು. ಎಲ್ಲ ಹೆಂಗಸರ ಎದುರಿಗೆ, ನಮ್ಮ ಮಗ್ಗದ ಬಟ್ಟೆಯನ್ನು ನೆಲಕ್ಕೆ ಎಸೆಯುವುದೆಂದರೇನು! "ನಮ್ಮ ಬಟ್ಟಿ ಸೊಲ್ಲಾಪುರದ ತನಕ ಹೋಗ್ತೈತಿ. ನಿನಗ ಆಗೂದಿಲ್ಲೇನು?"

"ಅಂಗಡ್ಯಾಗ ಛಂದ ಕಾಣಾಕ ಮಾಡಿದ್ದು ಅದು," ಅಂದಳು, ನನ್ನ ಮುಖ ಕೂಡ ನೋಡದೆ.

ಆಗ ನಾನು ಆಡಬಾರದ ಮಾತು ಆಡಿದೆ. "ನಿನ್ನ ಗಂಡ ಸಾಯೂತನಕ ಇದಽ ಬಟ್ಟೀದ ಅನ್ನ ಉಂಡಾನ, ನೆನಪಿರಲಿ."

ಸಾವಕ್ಕ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿದಳು. ಸೆರಗು ಕೊಡವಿ ಎದ್ದಳು, ಹೊಸ್ತಿಲು ದಾಟಿ ಹೋದಳು. ಹೋಗಲಿ, ಪೀಡೆ ಕಳೆಯಿತು ಅಂದೆ ನಾನು, ಅವಳಿಗೆ ಕೇಳುವ ಹಾಗೆಯೇ.

ಅವಳಿಲ್ಲದೆ ಹೊಲಿದೆವು. ಗಂಜಿಯ ಬಟ್ಟೆ ಬಿರುಸು, ಹಪ್ಪಳದ ಹಾಗೆ ನೆಟ್ಟಗೆ ಕೂರುತ್ತದೆ. ಸಾಲುಗಳು ಗೆರೆ ಹಾಕಿದಂತೆ ಬಂದವು. ಹೆಂಗಸರಿಗೆ ಖುಷಿಯೋ ಖುಷಿ. ಸಾವಕ್ಕನ ಕೌದಿಗೆ ನಾಲ್ಕು ಮೂಲೆಯಲ್ಲೂ ಕೆಂಪು ಚಿಂದಿಯ ಮುಕ್ಕೋನ ಇರುತ್ತದೆ, ಅದು ಅವಳ ಗುರುತು. ಗೌತಮಿಬಾಯಿ ಅವಳ ಕೈಯದರ ಹಾಗೆಯೇ ಇರಬೇಕು ಅಂದಿದ್ದರಲ್ಲ, ನಾನು ಎಲ್ಲ ನಲವತ್ತಕ್ಕೂ ಕೆಂಪು ಮುಕ್ಕೋನ ಇಡಿಸಿದೆ. ಒಂದನ್ನಾದರೂ ಒಗೆದು ನೋಡಬಹುದಿತ್ತಲ್ಲ ಎಂದು ಈಗ ನೀವು ಕೇಳುತ್ತೀರಿ. ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆ ಸೇರಿದವಳು ನಾನು. ಮಾರುವ ಮುಂಚೆ ಬಟ್ಟೆಗೆ ನೀರು ಮುಟ್ಟಿಸುವುದು ನಮ್ಮಲ್ಲಿ ಕನಸಿನಲ್ಲೂ ಇಲ್ಲ. ನೀರು ಕಂಡರೆ ಗಂಜಿ ಹೋಯಿತು, ಗಂಜಿ ಹೋದರೆ ಬಟ್ಟೆಯ ಮುಖವೇ ಹೋಯಿತು. ಮಳೆಗಾಲದಲ್ಲಿ ಸುತ್ತಿಟ್ಟ ಬಟ್ಟೆಯ ಥಾನು ನೆನೆದರೆ ನಮ್ಮ ಮಾವ ಸೂತಕದವರ ಹಾಗೆ ಕೂತಿರುತ್ತಿದ್ದರು. ಅದಕ್ಕೇ ಒಗೆದು ನೋಡುವ ಯೋಚನೆ ಹನ್ನೊಂದು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ನಲವತ್ತೂ ಮುಗಿದವು. ಗೌತಮಿಬಾಯಿ ಹೇಳಿದ ದಿನಕ್ಕೆ ಇನ್ನೂ ಹನ್ನೆರಡು ದಿನ ಇತ್ತು. ಸಂಘದ ಮಾದೇವಿ ಒಬ್ಬಳೇ ಸಾವಕ್ಕನ ಮನೆಗೆ ಹೋಗಿ ಬಂದು ಮಾಡುತ್ತಿದ್ದಳು, ಅವಳು ಕೆಂಪು ಮುಕ್ಕೋನದ ಸುದ್ದಿ ಬಾಯಿಬಿಟ್ಟಳು.

ಮರುದಿನ ಮುಂಜಾನೆ ನಾನು ಹಿಟ್ಟಿನ ಗಿರಣಿಗೆ ಹೋಗಿದ್ದೆ. ವಾಪಸು ಬಂದಾಗ ನಮ್ಮ ಅಂಗಳದ ತೊಟ್ಟಿಯ ಪಕ್ಕ ಸಾವಕ್ಕ ನಿಂತಿದ್ದಳು. ಸೀರೆ ಮೊಣಕಾಲಿಗೆ ಕಟ್ಟಿದ್ದಳು. ತೊಟ್ಟಿಯ ತುಂಬ ನನ್ನ ಕೌದಿಗಳು. ನಲವತ್ತೂ! ಒಂದೊಂದನ್ನೇ ಎತ್ತಿ ಒದರಿ ಗೋಡೆಯ ಮೇಲೆ ಹರವುತ್ತಿದ್ದಳು.

ಬಿಸಿಲಿಗೆ ಅವು ಒಣಗುತ್ತಿದ್ದ ಹಾಗೆ ನನ್ನ ಕಣ್ಣೆದುರೇ ಕುಗ್ಗಿದವು. ಅಡಿಬಟ್ಟೆ ನಾಲ್ಕು ಬೆರಳಷ್ಟು ಒಳಗೆ ಜಗ್ಗಿಕೊಂಡಿತು, ಮೇಲಿನ ಹಳೇ ಚಿಂದಿ ಕುಗ್ಗಲಿಲ್ಲ, ಎಲ್ಲ ಉಬ್ಬಿ ಸುಕ್ಕುಗಟ್ಟಿ ನೋಡಲಾಗದಂತಾಯಿತು. ಹೆಂಗಸರು ಓಡಿ ಬಂದರು, ಬಾಯಿ ಬಡಿದುಕೊಂಡರು. ಯಾರೋ ಅವಳ ಮೇಲೆ ಮಣ್ಣು ತೂರಿದರು.

"ನಿನ್ನ ಕೈ ಸೇದಿ ಹೋಗಲಿ!" ಅಂತ ನಾನು ಚೀರಿದೆ. "ಹನ್ನೊಂದು ಮನಿ ಹಾಳ ಮಾಡಿದೆಲ್ಲೇ!"

"ಆಸ್ಪತ್ರ್ಯಾಗ ಹಾಳ ಆಗೂದು ಇಲ್ಲಿ ಆತು," ಅಂದಳು ಸಾವಕ್ಕ. "ನನ್ನ ಮೂಲಿ ಹಚ್ಚಿದ್ದು ಯಾವುದೂ ತಿರಿಗಿ ಬಂದಿಲ್ಲ. ಬರಾಕ ಬಿಡೂದಿಲ್ಲ. ಬೇಕಾದ್ರ ಪೊಲೀಸರನ್ನ ಕರಿ."

ಅವಳ ರಟ್ಟೆ ಹಿಡಿದು ಹೊರಗೆ ನೂಕಿದೆ. ಬಿದ್ದಳು. ಎದ್ದು ಮೊಣಕೈ ಒರೆಸಿಕೊಂಡು ಹೋದಳು. ಅವಳಿಗಾಗ ಅರವತ್ತನಾಲ್ಕು ವರ್ಷ. ಆ ಹೊತ್ತಿಗೆ ನನಗೆ ಒಂದಿಷ್ಟೂ ಕೆಡುಕೆನಿಸಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಮಧ್ಯಾಹ್ನ ಅಳುತ್ತಲೇ ಕತ್ತರಿ ಹಿಡಿದು ಹೊಲಿಗೆ ಬಿಚ್ಚಲು ಕೂತೆ, ಚಿಂದಿಯಾದರೂ ಉಳಿಯಲಿ ಅಂತ. ಒಂದು ಬಿಚ್ಚಿದೆ. ಅಡಿಬಟ್ಟೆಯನ್ನು ಬಿಸಾಡಲು ಮುದ್ದೆ ಮಾಡಿದೆ. ಮಾಡಿದವಳು ಹಾಗೇ ನಿಂತೆ. ಅದು ಬೇರೆಯೇ ಬಟ್ಟೆಯಾಗಿತ್ತು. ಬಿರುಸು ಹೋಗಿ ಮೆತ್ತಗೆ, ಕೈಯಲ್ಲಿ ತಾನಾಗಿ ಮಡಚಿಕೊಳ್ಳುತ್ತಿತ್ತು. ಕೆನ್ನೆಗೆ ಒತ್ತಿಕೊಂಡೆ. ಒಂದು ಮೂಲೆಯನ್ನು ಮತ್ತೆ ನೆನೆಸಿ ಬಿಸಿಲಿಗೆ ಹಿಡಿದೆ, ಹೆಚ್ಚು ಕುಗ್ಗಲಿಲ್ಲ. ಕುಗ್ಗುವಷ್ಟು ಕುಗ್ಗಿ ಆಗಿತ್ತು. ಬಟ್ಟೆಯಲ್ಲಿ ದೋಷವೇ ಇರಲಿಲ್ಲ, ಹೊಲಿಯುವ ಮುಂಚೆ ಅದಕ್ಕೆ ನೀರು ಕಾಣಿಸಬೇಕಾಗಿತ್ತು, ಅಷ್ಟೇ.

ಮೈಯೆಲ್ಲ ಉರಿಯಿತು. ಇದು ಅವಳಿಗೆ ಮೊದಲ ದಿನವೇ ಗೊತ್ತಿತ್ತಲ್ಲ! ಮೂರು ಮನೆ ದಾಟಿ ಹೋಗಿ ಅವಳ ಕಿಟಕಿಯ ಹತ್ತಿರ ನಿಂತೆ. ಕದ ತೆಗೆಯಲಿಲ್ಲ ಅವಳು.

"ಎಷ್ಟ ನೀರು ತೋರಸಬೇಕು?" ಅಂತ ಕೇಳಿದೆ. ಕ್ಷಮಿಸು ಅನ್ನಲಿಲ್ಲ, ಬಿದ್ದದ್ದು ಪೆಟ್ಟಾಯಿತೇ ಅನ್ನಲಿಲ್ಲ.

"ಮೂರು," ಅಂತ ಒಳಗಿನಿಂದ ದನಿ ಬಂತು. "ಕಡೀದು ಕುದಿ ನೀರು."

"ಇದನ್ನ ಅವತ್ತಽ ಹೇಳಿದ್ರ ನಿನ್ನ ಗಂಟೇನ ಹೋಗತಿತ್ತು?"

"ನೀ ಕೇಳಲಿಲ್ಲ. ನನ್ನ ಗಂಡ ಉಂಡದ್ದ ಲೆಕ್ಕಾ ಹೇಳಿದಿ."

ಕಿಟಕಿಯೂ ಮುಚ್ಚಿತು.

ಹನ್ನೆರಡು ದಿನ ನಾವು ಹನ್ನೊಂದು ಮಂದಿ ಬೆರಳು ತೂತು ಬೀಳುವಂತೆ ಹೊಲಿದೆವು. ಬಿಚ್ಚುವುದು, ಒಗೆಯುವುದು, ಕುದಿಸುವುದು, ಮತ್ತೆ ಕೂಡಿಸುವುದು. ರಾಜಕುಮಾರ ಕುದಿಯುವ ಹಂಡೆ ನೋಡಿ ತಲೆ ಚಚ್ಚಿಕೊಂಡ. "ಮಗ್ಗದ ಬಟ್ಟಿ ಕುದಸಾಕತ್ತೀರಲ್ಲ, ಬುದ್ಧಿ ನೆಟ್ಟಗ ಐತೇನು?" ಅಂದ. ಈ ಸಲ ಮುಕ್ಕೋನ ಬೇಡ ಅಂದೆ, ಕೆಂಪು ತುಂಡೆಲ್ಲ ತೆಗೆಸಿದೆ. ಕುಗ್ಗಿದ ಬಟ್ಟೆಗೆ ನಲವತ್ತರಲ್ಲಿ ಮೂವತ್ತೇಳೇ ಆದವು.

ಮಾದೇವಿಯನ್ನು ಕರೆದುಕೊಂಡು ಜಮಖಂಡಿಗೆ ಹೋದೆ. ಗೌತಮಿಬಾಯಿ ರಾಶಿಯ ನಡುವಿನಿಂದ ಒಂದನ್ನು ಎಳೆದು ಮಷೀನಿಗೆ ಹಾಕಿದರು. ಅದು ತಿರುಗುವಷ್ಟು ಹೊತ್ತು ನಾನು ಮಷೀನನ್ನೇ ನೋಡುತ್ತ ನಿಂತೆ. ಹೊರಗೆ ತೆಗೆದು ಮೇಜಿನ ಮೇಲೆ ಹರವಿದರು, ಅಂಗೈಯಿಂದ ಸವರಿದರು. ಒಂದು ಸುಕ್ಕಿಲ್ಲ.

"ಭಾಳ ಛಲೋ ಅದ," ಅಂದರು. "ಅಡೀಗೆ ಹೊಸಾ ಬಟ್ಟಿ ಅನಸ್ತದ, ಆದ್ರ ಹಳೇದರಷ್ಟು ಮೆತ್ತಗ ಅದ. ಇದು ಯಾರ ಬುದ್ಧಿ? ಸಾವಕ್ಕಂದೇನು? ಆಕಿ ಯಾಕ ಬಂದಿಲ್ಲ?"

ಹೇಳುವುದಕ್ಕೆ ಏನಾಗಿತ್ತು ನನಗೆ? ಹೌದ್ರಿ, ಆಕಿದಽ ಅಂದಿದ್ದರೆ ಮುಗಿದಿತ್ತು. ಅವಳು ತೊಟ್ಟಿಯ ಪಕ್ಕ ಸೀರೆ ಕಟ್ಟಿ ನಿಂತದ್ದು ಕಣ್ಣೆದುರು ಬಂತು, ಹೊಟ್ಟೆಯೊಳಗಿನ ಕಿಚ್ಚು ನಾಲಿಗೆಗೆ ಬಂತು.

"ನಂದಽ ರಿ ಬುದ್ಧಿ," ಅಂದೆ. "ಸಾವಕ್ಕಗ ಈಗ ಕಣ್ಣ ಕಾಣೂದಿಲ್ಲರಿ. ಸೂಜಿ ಬಿಟ್ಟಾಳ."

ಪಕ್ಕದಲ್ಲಿ ನಿಂತ ಮಾದೇವಿ ತಲೆ ತಗ್ಗಿಸಿದಳು. "ಅಯ್ಯ ಪಾಪ," ಅಂದರು ಗೌತಮಿಬಾಯಿ. ಕಡಿಮೆ ಬಿದ್ದ ಮೂರನ್ನು ಆಮೇಲೆ ತನ್ನಿ ಎಂದು ವರ್ಷದ ಕೆಲಸ ಕೊಟ್ಟರು.

ಆ ಮಾತು ಆಸ್ಪತ್ರೆಯಲ್ಲೇ ಉಳಿಯಲಿಲ್ಲ. ಹೆರಿಗೆಗೆ ಬಂದವರು, ನೋಡಲು ಬಂದವರು, ರಬಕವಿಯವರು, ಚಿಮ್ಮಡದವರು, ಎಲ್ಲರೂ ಕೌದಿ ಕಂಡು ಕೇಳುತ್ತಿದ್ದರು, ಡಾಕ್ಟರಮ್ಮ ಮರುಕದಿಂದಲೇ ಹೇಳುತ್ತಿದ್ದರು, ಮೊದಲು ಹೊಲಿಯುತ್ತಿದ್ದವಳಿಗೆ ಪಾಪ ಕಣ್ಣು ಹೋದವಂತೆ ಅಂತ. ಡಾಕ್ಟರೇ ಹೇಳಿದ ಮೇಲೆ ಯಾರು ಸುಳ್ಳೆನ್ನುತ್ತಾರೆ? ದೀಪಾವಳಿಯ ಹೊತ್ತಿಗೆ ಸಾವಕ್ಕನನ್ನು ಕರೆಯುವ ಮನೆಗಳು ಅರ್ಧವಾದವು. ಮರುವರ್ಷದ ಯುಗಾದಿಗೆ ಒಂದೂ ಉಳಿಯಲಿಲ್ಲ. ಕೆಲವರು ಕರುಣೆಯಿಂದ ಅವಳ ಕೈ ಹಿಡಿದು ರಸ್ತೆ ದಾಟಿಸಲು ಹೋಗುತ್ತಿದ್ದರು, ಅವಳು ಝಾಡಿಸಿ ಒದರುತ್ತಿದ್ದಳು, ಕಣ್ಣು ಹೋದ ಸಿಟ್ಟು ಪಾಪ ಅನ್ನುತ್ತಿದ್ದರು ಜನ. ನಾನು ನಮ್ಮ ಪಡಸಾಲೆಯಲ್ಲಿ ಕೂತು ಅದನ್ನು ನೋಡುತ್ತಿದ್ದೆ. ಬಾಯಿ ಬಿಡಲಿಲ್ಲ.

ಅವಳ ಹೊಟ್ಟೆ ಹೇಗೆ ನಡೆಯುತ್ತಿತ್ತು? ಆಸ್ಪತ್ರೆಯ ಕೆಲಸ ಸಿಕ್ಕ ಮೇಲೆ ನಾವು ಬಿಟ್ಟ ಕಂಡಿಕೆಯನ್ನು ಅವಳು ಸುತ್ತುತ್ತಿದ್ದಳು. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು ಅಂದುಕೊಂಡರು ಜನ. ಸುತ್ತುತ್ತಿದ್ದದ್ದು ನಮ್ಮದೇ ಮಗ್ಗಕ್ಕೆ.

ಕಳೆದ ತಿಂಗಳು ಮುಧೋಳದಲ್ಲಿ ಒಂದು ತರಬೇತಿ ಇಟ್ಟಿದ್ದರು. ಬೀಳಗಿಯಿಂದಲೂ ಹೆಂಗಸರು ಬಂದಿದ್ದರು. ಕಡಿಮೆ ಖರ್ಚಿನ ಅಡಿಬಟ್ಟೆ ಆರಿಸುವುದು ಹೇಗೆಂದು ನಾನು ನಿಂತು ಹೇಳಿದೆ. ಎಳೆ ಸುಟ್ಟು ನೋಡಿ, ಅಡ್ಡಡ್ಡ ಜಗ್ಗಿ ನೋಡಿ, ಮಗ್ಗದ ತುಂಡಾದರೆ ಮೂರು ನೀರು ಕಾಣಿಸಿ, ಕೊನೆಯದು ಕುದಿ ನೀರು. ಒಂದೊಂದು ಮಾತೂ ಸಾವಕ್ಕನದು. ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋ ತೆಗೆದರು.

ವಾಪಸು ಬರುವ ಬಸ್ಸಿನಲ್ಲಿ ಮಾದೇವಿ ಪಕ್ಕದಲ್ಲಿ ಕೂತಿದ್ದಳು. ಎರಡು ವರ್ಷ ನನ್ನೆದುರು ಬಾಯಿ ಹೊಲಿದುಕೊಂಡಿದ್ದವಳು ಅವತ್ತು ಬಿಚ್ಚಿದಳು.

"ಆ ಶಾಲು ಹೊತ್ಕೊಂಡು ಆಕಿ ಮನಿ ಮುಂದ ಹಾಯ್ದು ಹೋಗ್ತಿಯೇನ, ನಾಚಿಕಿಗೇಡಿ? ಖರೆ ಹೇಳಿದ್ರ ನಮ್ಮ ಕೆಲಸಾ ಹೋಗ್ತೈತಂತ ನಾನೂ ಸುಮ್ಮನಿದ್ದೆ. ನನಗೂ ನರಕಾನಽ. ಆದ್ರ ಹೇಳಿದಾಕಿ ನೀನು."

ಬಸ್ಸಿನ ಮಂದಿಯೆಲ್ಲ ತಿರುಗಿ ನೋಡಿದರು. ಊರಲ್ಲಿ ಇಳಿದು ಶಾಲನ್ನು ಚೀಲಕ್ಕೆ ತುರುಕಿ ನೆಟ್ಟಗೆ ಸಾವಕ್ಕನ ಮನೆಗೇ ಹೋದೆ. ಇನ್ನೂ ಬಿಸಿಲಿತ್ತು. ಬಾಗಿಲಲ್ಲಿ ಕೂತು ತನ್ನ ಕುಪ್ಪಸದ ಹರಿದ ತೋಳು ಹೊಲಿದುಕೊಳ್ಳುತ್ತಿದ್ದಳು.

ನಿಂತೇ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ನಿನ್ನ ಬುದ್ಧಿಯನ್ನು ನನ್ನದೆಂದೆ, ನಿನ್ನ ಕಣ್ಣು ಹೋದವೆಂದೆ, ನಿನ್ನ ಅನ್ನ ಕಿತ್ತುಕೊಂಡೆ ಅಂದೆ. ಅಳು ಬಂತು, ಅದನ್ನೂ ತಡೆಯಲಿಲ್ಲ.

ಸಾವಕ್ಕ ಹೊಲಿಗೆ ನಿಲ್ಲಿಸಲಿಲ್ಲ.

"ಗೊತ್ತೈತಿ," ಅಂದಳು. "ಮಾದೇವಿ ಅವತ್ತಽ ಹೇಳ್ಯಾಳ."

"ಮತ್ತ ಎರಡ ವರ್ಷ ಯಾಕ ಸುಮ್ಮನಿದ್ದಿ? ಬಂದು ನನ್ನ ಕಪಾಳಕ್ಕ ಹೊಡೀಬೇಕಿತ್ತಲ್ಲ!"

"ನಾ ಡಾಕ್ಟರ ಬಾಯಿ ಕಡೆ ಹೋಗಿ ಖರೆ ಹೇಳಿದ್ರ ಹನ್ನೊಂದು ಮನಿ ಒಲಿ ಆರತಿದ್ದವು. ನನ್ನ ಒಂದು ಒಲಿ ಆರಲಿ ಬಿಡು ಅಂದೆ. ನಿನ್ನ ಸಲುವಾಗಿ ಅಲ್ಲ, ಅಷ್ಟ ಶಾಣ್ಯಾಕಿ ಆಗಬ್ಯಾಡ."

ನಾನು ಅವಳ ಕಾಲು ಮುಟ್ಟಲು ಬಾಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡಳು. ಹಲ್ಲಿನಿಂದ ದಾರ ಕಡಿದು ಮೊದಲ ಸಲ ನನ್ನ ಮುಖ ನೋಡಿದಳು.

"ನನಗ್ಯಾಕ ಬಂದು ಹೇಳ್ತಿ ಬೇ? ನನ್ನ ಕಣ್ಣ ಕಾಣ್ತಾವಂತ ನನಗ ಗೊತ್ತೈತಿ. ಗೊತ್ತಿರಲಾರದಾಕಿ ಜಮಖಂಡ್ಯಾಗ ಅದಾಳ. ಅಲ್ಲಿ ಹೋಗಿ ಹೇಳು."

ಅಷ್ಟು ಹೇಳಿ ಒಳಗೆ ಹೋದಳು.

ಅದಾಗಿ ಇಪ್ಪತ್ತಾರು ದಿನ. ಬನಹಟ್ಟಿಯಿಂದ ಜಮಖಂಡಿಗೆ ಬಸ್ಸಿಗೇನೂ ಬರವಿಲ್ಲ. ಹೊಸ ಕೌದಿಗಳ ಗಂಟು ತೆಗೆದುಕೊಂಡು ಈ ನಡುವೆ ಎರಡು ಸಲ ಆಸ್ಪತ್ರೆಗೆ ಹೋಗಿಯೂ ಬಂದೆ. ಗೌತಮಿಬಾಯಿ ಎರಡು ಸಲವೂ ಸಾವಕ್ಕನ ಕಣ್ಣು ಹೇಗಿವೆ ಎಂದು ಕೇಳಿದರು. ಹಾಂಗಽ ಅದಾವ್ರಿ ಅಂದೆ.